ಜೆಟ್ಟಿ ನಿಲ್ಲದ ನೀರಿಗೆ ದುಂಡು ದೋಣಿ

ಕಲಬುರಗಿಗೂ ಕಡಲ ಜೆಟ್ಟಿಗೂ ನೂರಾರು ಕಿಲೋಮೀಟರ್ ದೂರ. ಆದರೂ ಸಂಜೆ ಹೊತ್ತು ಜೆಟ್ಟಿಯ ಮಗ್ಗುಲಿಗೆ ಕಯಾಕ್ ತಂದು ಗಾಳ ಬಿಡುವವರ ಲೆಕ್ಕಾಚಾರವನ್ನು ಬಿಡಿಸಿ ನೋಡಿದರೆ, ನಮ್ಮ ಜಲಾಶಯಗಳಲ್ಲಿ ಹೊತ್ತು ಇಳಿಯುವಾಗ ಹರಿಗೋಲು ನೀರಿಗಿಳಿಸುವವರ ಲೆಕ್ಕಾಚಾರವೂ ತಾನಾಗಿ ಬಿಡಿಸಿಕೊಳ್ಳುತ್ತದೆ. ಎರಡೂ ಎಂಜಿನ್ ಇಲ್ಲದ, ಒಬ್ಬಿಬ್ಬರ ಕೈಬಲದ ಮೇಲೆ ನಡೆಯುವ ದೋಣಿಗಳು. ಎರಡೂ ಬೆಳಕು ಮಾಯುವ ಒಂದೆರಡು ತಾಸಿನ ಮೇಲೆ ಕಣ್ಣಿಟ್ಟ ಕಸುಬುಗಳು. ಒಂದು ಹವ್ಯಾಸ, ಇನ್ನೊಂದು ಹೊಟ್ಟೆಪಾಡು, ಅಷ್ಟೇ ವ್ಯತ್ಯಾಸ. ಕಯಾಕ್ ಕಂಡರೆ ಮೆಚ್ಚಿಕೊಳ್ಳುವ ನಾವು ಹರಿಗೋಲನ್ನು ಮಾತ್ರ ಹಿಂದುಳಿದ ಸಾಧನವೆಂದು ತೀರ್ಮಾನಿಸಿ ಕೂತಿದ್ದೇವೆ. ಮೀನುಗಾರಿಕೆಯ ಅಭಿವೃದ್ಧಿ ಎಂಬ ಮಾತು ಬಂದಾಗಲೆಲ್ಲ ಜೆಟ್ಟಿ, ಮೋಟಾರು ದೋಣಿ, ತೇಲುವ ವೇದಿಕೆಗಳೇ ಎದುರಿಗೆ ಬಂದು ನಿಲ್ಲುತ್ತವೆ. ನನ್ನ ವಾದ ಇದಕ್ಕೆ ವಿರುದ್ಧ. ಕಲಬುರಗಿ ಸೀಮೆಯ ನೀರು, ನೆಲ, ಮೀನು, ಬಲೆ ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ತೂಗಿದರೆ ಇಲ್ಲಿಯ ಸಂಜೆಯ ಕೆಲಸಕ್ಕೆ ದುಂಡು ದೋಣಿಗಿಂತ ಚೆನ್ನಾಗಿ ಹೊಂದುವ ಇನ್ನೊಂದು ಸಾಧನ ಸದ್ಯಕ್ಕೆ ಕಾಣುವುದಿಲ್ಲ. ಖರ್ಚು ಮಾಡುವುದಿದ್ದರೆ ಅದನ್ನು ಬದಲಿಸಲು ಮಾಡಬಾರದು, ಅದರ ಸುತ್ತ ಮಾಡಬೇಕು.

ಮೊದಲು ಜೆಟ್ಟಿಯ ಕಡೆಯ ಮಾತು. ಮಲ್ಪೆಯಲ್ಲಾಗಲಿ ಮಂಗಳೂರಿನ ಹಳೇ ಬಂದರಿನಲ್ಲಾಗಲಿ ನೀರಿನೊಳಗೆ ನಿಂತ ಕಲ್ಲು, ಕಾಂಕ್ರೀಟ್ ಕಂಬಗಳು ವರ್ಷ ತುಂಬುವುದರೊಳಗೆ ಜೀವಿಗಳ ಊರಾಗುತ್ತವೆ. ಪಾಚಿ ಹಿಡಿಯುತ್ತದೆ, ಪಚ್ಚಿಲೆ ಅಂಟಿಕೊಳ್ಳುತ್ತದೆ, ಅವುಗಳ ಸಂದಿಯಲ್ಲಿ ಸಿಗಡಿ, ಏಡಿಮರಿಗಳು ಸೇರುತ್ತವೆ. ಇವನ್ನು ತಿನ್ನಲು ಸಣ್ಣ ಮೀನು, ಸಣ್ಣದನ್ನು ನುಂಗಲು ದೊಡ್ಡದು. ಹಗಲಲ್ಲಿ ಕಂಬದ ನೆರಳು ಸಣ್ಣ ಮೀನಿಗೆ ಆಸರೆ. ಬೆಳಕು ಕುಂದಿದಂತೆ ಅದೇ ನೆರಳು ಬೇಟೆಗಾರ ಮೀನಿಗೆ ಅನುಕೂಲ. ಮಬ್ಬುಗತ್ತಲಲ್ಲಿ ನೋಡಲು ಹೊಂದಿಕೊಂಡ ಕಣ್ಣು ಅನೇಕ ಬೇಟೆಗಾರ ಮೀನುಗಳಿಗಿದೆ, ಅವು ತಿನ್ನುವ ಸಣ್ಣ ಮೀನುಗಳಿಗೆ ಅಷ್ಟಿಲ್ಲ. ಸಂಜೆಯ ಆ ಸ್ವಲ್ಪ ಹೊತ್ತಿನಲ್ಲಿ ಮೇಲುಗೈ ಯಾರದೆಂಬುದು ಅಲ್ಲೇ ತೀರ್ಮಾನವಾಗುತ್ತದೆ. ಜೆಟ್ಟಿಯ ಮೇಲೆ ನಿಂತವನ ಗಾಳ ಕಂಬದ ಒಂದು ಬದಿಗೆ ಮಾತ್ರ ಮುಟ್ಟೀತು. ಕಯಾಕಿನಲ್ಲಿ ಕೂತವನು ಸದ್ದಿಲ್ಲದೆ ಎಲ್ಲ ಬದಿಗೂ ಹೋಗಬಲ್ಲ. ಕಯಾಕ್ ಗಾಳದ ಗುಟ್ಟು ಇಷ್ಟೇ: ಅಂಚು, ಮಬ್ಬು, ಮೌನ.

ನಮ್ಮ ಕಡೆ ಈ ಮೂರೂ ಬೇರೆ ರೂಪದಲ್ಲಿವೆ. ಹೇರೂರ ಬಳಿಯ ಬೆಣ್ಣೆತೊರಾ, ಬೆಳಕೋಟಾ ಬಳಿಯ ಗಂಡೋರಿ ನಾಲಾ, ಆಳಂದ ತಾಲ್ಲೂಕಿನ ಅಮರ್ಜಾ, ಚಿಂಚೋಳಿ ಕಾಡಿನ ಚಂದ್ರಂಪಳ್ಳಿ, ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮೆಗೆ ಕಟ್ಟಿದ ಬ್ಯಾರೇಜು ಇವೆಲ್ಲ ನೀರಾವರಿಗೆಂದು ಕಟ್ಟಿದವು, ಮೀನು ಆಮೇಲೆ ಬಂದದ್ದು. ಬಂದದ್ದೆಂದರೂ ತಪ್ಪೇ, ತಂದು ಬಿಟ್ಟದ್ದು. ಇಲ್ಲಿಯ ಬಲೆಗಳು ಹೆಚ್ಚು ನೆಚ್ಚಿಕೊಂಡಿರುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಮೂಲದಲ್ಲಿ ಉತ್ತರದ ಗಂಗಾ ಬಯಲಿನ ಮೀನುಗಳು. ನಿಂತ ನೀರಿನಲ್ಲಿ ಇವು ತತ್ತಿಯಿಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಈ ಜಾತಿಯ ಮೀನುಗಳಿಂದ ತತ್ತಿ ಇಡಿಸಿ ತೋರಿಸಿದ ಮೇಲೆ ಮರಿಗಳು ಎಲ್ಲ ರಾಜ್ಯಗಳಿಗೂ ಸಲೀಸಾಗಿ ಸಿಗುವಂತಾಯಿತು. ಅದರ ನೆನಪಿಗೇ ದೇಶದಲ್ಲಿ ಜುಲೈ 10ರಂದು ಮೀನು ಕೃಷಿಕರ ದಿನ ಆಚರಿಸುತ್ತಾರೆ. ಹೊಲಕ್ಕೆ ಬೀಜ ಹಾಕಿದಂತೆ ಕೆರೆ, ಜಲಾಶಯಗಳಿಗೆ ಮರಿ ಬಿತ್ತನೆ ನಡೆಯಬೇಕು, ಆಮೇಲೆ ಕೊಯ್ಲು. ಈ ಮಾತು ಮರೆತರೆ ನಮ್ಮ ಜಲಾಶಯದ ಮೀನುಗಾರಿಕೆಯನ್ನು ಬೇಟೆಯೆಂದು ತಿಳಿದುಬಿಡುತ್ತೇವೆ. ಅದು ಬೇಟೆಗಿಂತ ಬೇಸಾಯಕ್ಕೇ ಹತ್ತಿರ. ಸಾಧನವನ್ನು ಅಳೆಯಬೇಕಾದ್ದೂ ವೇಗದಿಂದಲ್ಲ, ಕೊಯ್ಲಿನ ಹದದಿಂದ.

ಸಂಜೆ ಯಾಕೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಮೂರು ಕಡೆಯಿಂದ ಬರುತ್ತದೆ. ಒಂದು ಮೀನಿನದು. ಕಣ್ಣಿಗೆ ಕಾಣುವುದೋ ಇಲ್ಲವೋ ಎಂಬಷ್ಟು ಸಣ್ಣ ಪ್ರಾಣಿಪ್ಲವಕಗಳು ಹಗಲು ಆಳದಲ್ಲಿದ್ದು ಬೆಳಕು ಇಳಿದಂತೆ ಮೇಲಕ್ಕೇರುತ್ತವೆ. ಕಾಟ್ಲಾ ಮೇಲುನೀರಿನಲ್ಲಿ ಇವನ್ನೇ ತಿಂದು ಬದುಕುವ ಮೀನು, ಹಾಗಾಗಿ ಅದೂ ಮೇಲೆ ಬರುತ್ತದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅಂಚಿನ ತೆಳುನೀರು ಹಗಲಿಡೀ ಕಾದಿರುತ್ತದೆ. ಹೊತ್ತು ಇಳಿದ ಮೇಲೆ ಮೀನು ಅತ್ತ ಸುಳಿಯುವುದು. ಇನ್ನೊಂದು ಉತ್ತರ ಬಲೆಯದು. ನೀರಿನಲ್ಲಿ ನೆಟ್ಟಗೆ ನಿಂತು ಮೀನಿನ ಕಿವಿರಿಗೆ ಸಿಕ್ಕಿಕೊಳ್ಳುವ ನೈಲಾನ್ ಬಲೆ ಹಗಲು ಬೆಳಕಿನಲ್ಲಿ ಮೀನಿನ ಕಣ್ಣಿಗೆ ಬೀಳುತ್ತದೆ, ಕತ್ತಲಲ್ಲಿ ಬೀಳುವುದಿಲ್ಲ. ಆದ್ದರಿಂದ ಕತ್ತಲಾಗುವ ಮೊದಲು ಬಲೆ ಬಿಟ್ಟು ಬೆಳಗಾಗುವ ಮೊದಲು ಎತ್ತುವುದು ರೂಢಿ. ಬಿಸಿಲೇರಿದ ಮೇಲೆ ಎತ್ತಿದರೆ ಬಲೆಯಲ್ಲೇ ಸತ್ತ ಮೀನು ಕೆಡತೊಡಗುತ್ತದೆ. ಮೂರನೆಯದು ಗಾಳಿ, ಇದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಯಲು ಸೀಮೆಯಲ್ಲಿ ಹಗಲು ನೆಲ ಕಾದು ಗಾಳಿ ಎದ್ದು ಜಲಾಶಯದ ಮೇಲೆ ಅಡೆತಡೆಯಿಲ್ಲದೆ ಬೀಸುತ್ತದೆ. ಹೊತ್ತು ಮುಳುಗುವ ವೇಳೆಗೆ ನೆಲ ತಣಿದು ಗಾಳಿ ಬೀಳುತ್ತದೆ. ಅಡಿಗಟ್ಟಿಲ್ಲದ, ಮೂಗಿಲ್ಲದ ದೋಣಿಗೆ ಗಾಳಿಯೇ ವೈರಿ. ಅದು ಬಿದ್ದ ಹೊತ್ತೇ ಅದರ ಹೊತ್ತು.

ಈಗ ನೆಲದ ವಿಚಾರ. ಜೆಟ್ಟಿಯೊಂದನ್ನು ಕಟ್ಟಬೇಕಾದರೆ ನೀರಿನ ಅಂಚು ಎಲ್ಲಿದೆಯೆಂದು ಗೊತ್ತಿರಬೇಕು. ಕರಾವಳಿಯಲ್ಲಿ ಉಬ್ಬರವಿಳಿತ ಸೇರಿಸಿದರೂ ಅಂಚು ಹೆಚ್ಚು ಕಡಿಮೆ ಒಂದೇ ಕಡೆ ಇರುತ್ತದೆ. ನೀರಾವರಿ ಜಲಾಶಯದ ಅಂಚು ವರ್ಷವಿಡೀ ನಡೆಯುತ್ತಲೇ ಇರುತ್ತದೆ. ನಮ್ಮ ಎರೆ ಸೀಮೆಯ ಇಳಿಜಾರು ತೀರ ಸೌಮ್ಯ. ನೂರು ಮೀಟರಿಗೆ ಒಂದು ಮೀಟರ್ ಇಳಿಯುವ ನೆಲವೆಂದು ಹಿಡಿಯಿರಿ: ಕಾಲುವೆಗೆ ನೀರು ಬಿಟ್ಟು ಮಟ್ಟ ಒಂದು ಮೀಟರ್ ತಗ್ಗಿದರೆ ಅಂಚು ನೂರು ಮೀಟರ್ ಹಿಂದಕ್ಕೆ ಸರಿಯುತ್ತದೆ, ಐದು ಮೀಟರ್ ತಗ್ಗಿದರೆ ಅರ್ಧ ಕಿಲೋಮೀಟರ್. ಮಳೆಗಾಲದಲ್ಲಿ ನೀರು ಮುಟ್ಟುವ ಕಡೆ ಕಟ್ಟಿದ ಜೆಟ್ಟಿ ಬೇಸಿಗೆಯಲ್ಲಿ ಬಿರುಕುಬಿಟ್ಟ ನೆಲದ ಮೇಲೆ ನಿಂತ ಕಟ್ಟೆಯಾಗುತ್ತದೆ. ನಡುವೆ ಉಳಿಯುವುದು ಎರೆ ಮಣ್ಣಿನ ಕೆಸರು; ಕಾಲಿಟ್ಟರೆ ಮೊಣಕಾಲಿನವರೆಗೆ ಎಳೆದುಕೊಳ್ಳುವ, ಟ್ರ್ಯಾಕ್ಟರ್ ಇಳಿದರೆ ಏಳಲಾಗದ ಕೆಸರು. ಭಾರದ ದೋಣಿಯನ್ನು ಇದರ ಮೇಲೆ ದಿನವೂ ಎಳೆಯುವುದು ಆಗದ ಮಾತು. ಸಣ್ಣ ಹರಿಗೋಲನ್ನಾದರೆ ಒಬ್ಬನೇ ತಲೆಯ ಮೇಲೆ ಕವುಚಿಕೊಂಡು ನೀರಿನ ತನಕ ನಡೆದುಹೋಗಬಲ್ಲ, ಕೆಲಸ ಮುಗಿದ ಮೇಲೆ ದಂಡೆಯಲ್ಲಿ ಬೋರಲು ಹಾಕಿ ಮನೆಗೆ ಬರಬಲ್ಲ. ನೀರು ಹಿಂದೆ ಸರಿದಂತೆಲ್ಲ ದೋಣಿಯೂ ಅದರ ಬೆನ್ನಿಗೇ ಹೋಗುತ್ತದೆ. ಅದಕ್ಕೆ ಬೇಕಾದ ಬಂದರು ಇಷ್ಟೇ. ಮೋಟಾರಿಗೆ ಇನ್ನೊಂದು ತೊಂದರೆಯೂ ಇದೆ: ಅಂಚಿನಲ್ಲಿ ಬೆಳೆದ ಬಳ್ಳಾರಿ ಜಾಲಿಯ ಪೊದೆಗಳು ನೀರು ಏರಿದಾಗ ಮುಳುಗಿ, ಕಣ್ಣಿಗೆ ಕಾಣದೆ ನಿಂತಿರುತ್ತವೆ. ತಿರುಗುವ ರೆಕ್ಕೆಗೆ ಅವೂ ಅಪಾಯ, ಪಕ್ಕದವನ ಬಲೆಯೂ ಅಪಾಯ.

ಹಾಗಿದ್ದರೆ ಕಯಾಕನ್ನೇ ತಂದರಾಗದೇ, ಅದೂ ಹಗುರವಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ತೆಳುನೀರಿನಲ್ಲಿ ತೇಲುವ ವಿಷಯದಲ್ಲಿ ಕಯಾಕ್ ಹೆಚ್ಚೇನೂ ಹಿಂದೆ ಬೀಳುವುದಿಲ್ಲ. ಎರಡು ಮೀಟರ್ ಅಗಲದ ತಳವುಳ್ಳ ಹರಿಗೋಲಿನಲ್ಲಿ ಆಳು, ಬಲೆ, ದೋಣಿಯ ತೂಕ ಸೇರಿ ಇನ್ನೂರು ಕಿಲೋ ಇದ್ದರೆ ಅದು ಆರೇಳು ಸೆಂಟಿಮೀಟರ್ ಮಾತ್ರ ಮುಳುಗುತ್ತದೆ, ಹೆಚ್ಚೆಂದರೆ ನಾಲ್ಕು ಬೆರಳು. ಕಯಾಕ್ ಇನ್ನು ಸ್ವಲ್ಪ ಹೆಚ್ಚು ಮುಳುಗೀತು. ವೇಗದಲ್ಲಂತೂ ಕಯಾಕ್ ಎಲ್ಲೋ, ಹರಿಗೋಲು ಎಲ್ಲೋ. ಅಂತರ ಕಾಣುವುದು ಬಲೆ ಎತ್ತುವಾಗ. ಗಾಳದವನಿಗೆ ಒಂದು ಕೋಲು, ಒಂದು ದಾರ, ಕೂತಲ್ಲೇ ಕೆಲಸ. ಬಲೆಯವನು ಅಂಚಿನ ಮೇಲೆ ಬಾಗಬೇಕು, ಒದ್ದೆ ಬಲೆಯ ಭಾರವನ್ನು ಒಂದೇ ಬದಿಯಿಂದ ಒಳಗೆಳೆಯಬೇಕು, ಒದ್ದಾಡುವ ಮೀನನ್ನು ಬಿಡಿಸಬೇಕು. ಉದ್ದ ಅಷ್ಟೇ ಇಟ್ಟು ದೋಣಿಯ ಅಗಲವನ್ನು ಎರಡು ಪಟ್ಟು ಮಾಡಿದರೆ ಪಕ್ಕಕ್ಕೆ ವಾಲುವುದನ್ನು ತಡೆಯುವ ನೀರಿನ ಆಸರೆ ಸುಮಾರು ಎಂಟು ಪಟ್ಟಾಗುತ್ತದೆ. ಮುಕ್ಕಾಲು ಮೀಟರ್ ಅಗಲದ ಕಯಾಕಿನಲ್ಲಿ ಮಾಡಲು ಹೆದರಬೇಕಾದ ಕೆಲಸವನ್ನು ಎರಡು ಮೀಟರಿನ ಹರಿಗೋಲಿನಲ್ಲಿ ಯೋಚಿಸದೆ ಮಾಡುವುದು ಇದೇ ಕಾರಣಕ್ಕೆ.

ಹರಿಗೋಲು ತಿರುಗುತ್ತದೆ, ನೆಟ್ಟಗೆ ಹೋಗುವುದಿಲ್ಲ ಎಂಬುದು ಅದರ ಮೇಲಿನ ಹಳೆಯ ದೂರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಕೂಡ ಬುಟ್ಟಿಯಂಥ ಈ ದೋಣಿಗಳ ಬೆತ್ತದ ಒಳಮೈ, ಚರ್ಮದ ಹೊದಿಕೆ, ಅವು ಹೊರುವ ಹದಿನೈದಿಪ್ಪತ್ತು ಜನ ಇವೆಲ್ಲವನ್ನೂ ವಿವರಿಸಿ, ಅವು ಸದಾ ಸುತ್ತುತ್ತಲೇ ಇರುತ್ತವೆ ಎಂಬುದನ್ನೂ ಬರೆದಿಟ್ಟ. ರಾಜ್ಯದ ಹೊಳೆಗಳಲ್ಲೆಲ್ಲ ಇವನ್ನು ಬಿಟ್ಟರೆ ಬೇರೆ ದೋಣಿಯಿಲ್ಲ ಎಂದೂ ಅವನೇ ಹೇಳುತ್ತಾನೆ. ಹೊಳೆ ದಾಟುವವನಿಗೆ ಸುತ್ತುವುದು ಕಿರಿಕಿರಿಯೇ ಸರಿ. ಬಲೆಯ ಮೇಲೆ ಕೆಲಸ ಮಾಡುವವನನ್ನು ಕೊಂಚ ಹತ್ತಿರದಿಂದ ನೋಡಿ. ಸಂಜೆ ಬಲೆ ಬಿಡುವಾಗ ಒಬ್ಬರು ಮುಂದಿನ ಅಂಚಿನಲ್ಲಿ ಮಂಡಿಯೂರಿ ಹುಟ್ಟನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತ ದೋಣಿಯನ್ನು ಮೆಲ್ಲಗೆ ಸಾಗಿಸುತ್ತಾರೆ. ಎಷ್ಟೋ ಕಡೆ ಈ ಕೆಲಸ ಹೆಂಡತಿಯದು. ಇನ್ನೊಬ್ಬರು ಮಡಿಕೆ ಹಾಕಿಟ್ಟ ಬಲೆಯನ್ನು ಕೈಯಿಂದ ಕೈಗೆ ಜಾರಿಸುತ್ತ, ಬೆಂಡು ಮೇಲೆ, ಭಾರ ಕೆಳಗೆ ಬೀಳುವಂತೆ ಬಿಡುತ್ತ ಹೋಗುತ್ತಾರೆ. ಬೆಳಗಿನ ಜಾವ ಎತ್ತುವಾಗ ಹುಟ್ಟಿನ ಕೆಲಸವೇ ಕಡಿಮೆ. ಬಲೆಯ ಮೇಲಿನ ಹಗ್ಗ ಹಿಡಿದು ಎಳೆದರೆ ದೋಣಿಯೇ ಹಗ್ಗದುದ್ದಕ್ಕೂ ಸರಿಯುತ್ತದೆ. ಮೀನು ಎಡಕ್ಕೆ ಸಿಕ್ಕಿದ್ದರೆ ದೋಣಿ ಎಡಕ್ಕೆ ತಿರುಗುತ್ತದೆ, ಮುಳ್ಳುಕಂಟಿಗೆ ಬಲೆ ಸಿಕ್ಕಿದ್ದರೆ ಅದರ ಸುತ್ತ ಬಂದು ನಿಲ್ಲುತ್ತದೆ. ಅದಕ್ಕೆ ಹಿಂದು ಮುಂದು ಇಲ್ಲದ್ದರಿಂದ ತಿರುಗಿಸುವ ಶ್ರಮವೂ ಇಲ್ಲ. ಉದ್ದ ದೋಣಿಯಾಗಿದ್ದರೆ ಸ್ವಲ್ಪ ಗಾಳಿ ಬಂದರೂ ಮೈಯಡ್ಡವಾಗಿ ಬಲೆಯ ಮೇಲೆಯೇ ಹೋಗಿ ಕೂರುತ್ತಿತ್ತು. ಪಾಯೆಸ್‌ಗೆ ದೋಷವಾಗಿ ಕಂಡದ್ದು ಬಲೆಗಾರನಿಗೆ ಬೇಕಾದ ಗುಣ.

ಇದೆಲ್ಲ ಪರಂಪರೆಯ ಹೆಸರಿನಲ್ಲಿ ಹಳೆಯದಕ್ಕೆ ಅಂಟಿಕೊಳ್ಳುವ ವಾದ ಎಂಬ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ಹರಿಗೋಲು ಒಂದೇ ಸಮನೆ ಬದಲಾಗುತ್ತ ಬಂದ ವಸ್ತು. ಚರ್ಮ ಹೋಗಿ ಡಾಂಬರು ಬಳಿದ ಬಟ್ಟೆ, ಪ್ಲಾಸ್ಟಿಕ್ ಹಾಳೆ ಬಂದವು; ಬಿದಿರು ಸೀಳಿ ಹೆಣೆಯುವ ಕೈಗಳು ಕಡಿಮೆಯಾದಂತೆ ಫೈಬರ್ ಬಂತು, ಮೀನುಗಾರಿಕೆ ಇಲಾಖೆಯೇ ಫೈಬರ್ ಹರಿಗೋಲುಗಳನ್ನು ಹಂಚುತ್ತದೆ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದ ಆರ್ಥರ್ ವೆಲ್ಲೆಸ್ಲಿ ಹೊಳೆ ದಾಟಲು ಬುಟ್ಟಿ ದೋಣಿಗಳನ್ನೇ ಮಾಡಿಸಿದ್ದು ಸಂಪ್ರದಾಯದ ಮೇಲಿನ ಭಕ್ತಿಯಿಂದಲ್ಲ. ಕಯಾಕಿನ ವಂಶ ತೆಗೆದರೂ ಇದೇ ಕತೆ: ಉತ್ತರ ಧ್ರುವದ ಇನ್ಯೂಟ್ ಜನ ಕಟ್ಟಿಗೆ, ಎಲುಬಿನ ಹಂದರಕ್ಕೆ ಸೀಲ್ ಚರ್ಮ ಬಿಗಿದು ಮಾಡಿದ ಬೇಟೆಯ ದೋಣಿ ಅದು, ಈಗ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿ ಮಾಲ್‌ಗಳಲ್ಲಿ ಮಾರುತ್ತಾರೆ. ಚರ್ಮದ ದೋಣಿಯಾಗಿ ಹುಟ್ಟಿದ ಎರಡರಲ್ಲಿ ಒಂದಕ್ಕೆ ಕ್ರೀಡೆಯೆಂಬ ಗೌರವ, ಇನ್ನೊಂದಕ್ಕೆ ಬಡವರ ಬುಟ್ಟಿಯೆಂಬ ಹೆಸರು. ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನ ಭಾವಚಿತ್ರವನ್ನು ವೇದಿಕೆಯ ಮೇಲೆ ಪೂಜಿಸುವ ಸೀಮೆಯಲ್ಲಿ ಅವನ ಕಸುಬಿನ ದೋಣಿಗೆ ಇಷ್ಟು ಕಡಿಮೆ ಮರ್ಯಾದೆ ಇರುವುದು ವಿಚಿತ್ರವೇ.

ಗಂಭೀರವಾದ ಆಕ್ಷೇಪ ಜೀವದ್ದು. ಹರಿಗೋಲು ಮಗುಚಿ ಜನ ಸತ್ತ ಸುದ್ದಿ ನಮ್ಮ ಭಾಗಕ್ಕೆ ಹೊಸದಲ್ಲ. 2020ರ ಆಗಸ್ಟ್‌ನಲ್ಲಿ ರಾಯಚೂರು ಜಿಲ್ಲೆಯ ಕೃಷ್ಣಾ ನದಿಯಲ್ಲಿ ಕುರ್ವಕುಲ ನಡುಗಡ್ಡೆಯ ಬಳಿ ತುಂಬಿದ ಹೊಳೆಯಲ್ಲಿ ಜನರನ್ನು ಹೊತ್ತ ಹರಿಗೋಲು ಮುಳುಗಿ ಜೀವಗಳು ಹೋದವು. ಅದೇ ವರ್ಷ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ಹಳ್ಳಿಗಳು ನೀರಿನಲ್ಲಿ ನಿಂತದ್ದನ್ನು ಕಲಬುರಗಿಯವರು ಮರೆತಿಲ್ಲ. ಇಂಥ ನೀರಿಗೆ ಈ ದೋಣಿ ಇಳಿಯಲೇಬಾರದು. ಆದರೆ ಅಪಾಯ ಎಲ್ಲಿ ಹುಟ್ಟುತ್ತದೆಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಎರಡು ಮೀಟರ್ ತಳದ ಹರಿಗೋಲಿಗೆ ಅರವತ್ತು ಕಿಲೋದ ಒಬ್ಬ ಮನುಷ್ಯ ಹತ್ತಿದರೆ ಅದು ಎರಡು ಸೆಂಟಿಮೀಟರ್ ಕೂಡ ಇಳಿಯುವುದಿಲ್ಲ. ಹತ್ತು ಜನ ಹತ್ತಿದರೂ ಒಂದು ಗೇಣಿಗಿಂತ ಹೆಚ್ಚು ಮುಳುಗುವುದಿಲ್ಲ. ಹಾಗಾಗಿ ಅದು ತುಂಬಿದೆ ಎಂಬ ಸೂಚನೆಯೇ ಕೊಡುವುದಿಲ್ಲ, ಇನ್ನಿಬ್ಬರು ಬರಲಿ ಎನ್ನುವಂತೆ ಶಾಂತವಾಗಿ ತೇಲುತ್ತಿರುತ್ತದೆ. ಸೆಳವಿಗೆ ಸಿಕ್ಕಿ ಸುತ್ತತೊಡಗಿದಾಗ ಹೆದರಿದ ಜನ ಒಂದೇ ಬದಿಗೆ ಸರಿದರೆಂದರೆ ಅಂಚು ನೀರಿನ ಕೆಳಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಸಾವು ಬಂದದ್ದು ಸೇತುವೆ ಇರಬೇಕಾದ ಕಡೆ ಹರಿಗೋಲು ಇದ್ದದ್ದರಿಂದ. ನಿಂತ ನೀರಿನಲ್ಲಿ ಇಬ್ಬರೇ ಕೂತು ಬಲೆ ಬಿಡುವ ಕೆಲಸದ ಮೇಲೆ ಆ ತಪ್ಪನ್ನು ಹೊರಿಸಲಾಗದು. ಅಲ್ಲಿಯ ಅಪಾಯಗಳು ಬೇರೆ: ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ ಏಕಾಏಕಿ ಎರಗುವ ಬಿರುಗಾಳಿ, ಗುಡುಗು ಸಿಡಿಲು, ತೆರೆದ ಗೇಟಿನ ಕಡೆಗಿನ ಎಳೆತ, ಕಾಲಿಗೆ ಸುತ್ತಿಕೊಳ್ಳುವ ಬಲೆ. ಇವು ಕಯಾಕಿನವನಿಗೂ ತಪ್ಪಿದ್ದಲ್ಲ. ಕಯಾಕಿನವನು ಲೈಫ್ ಜಾಕೆಟ್ ತೊಟ್ಟಿರುತ್ತಾನೆ, ನಮ್ಮವನು ತೊಟ್ಟಿರುವುದಿಲ್ಲ. ಎದ್ದು ಕಾಣುವ ಅಂತರ ದೋಣಿಯದಲ್ಲ, ಜಾಕೆಟ್ಟಿನದು. ಕೊಟ್ಟರೂ ಹಾಕಿಕೊಳ್ಳುವುದಿಲ್ಲ ಎಂಬ ದೂರು ಅರ್ಧ ನಿಜ. ಕುತ್ತಿಗೆಯವರೆಗೆ ಉಬ್ಬಿದ ದಪ್ಪ ಜಾಕೆಟ್ ತೊಟ್ಟು ನಲವತ್ತು ಡಿಗ್ರಿಯ ಸೆಕೆಯಲ್ಲಿ ಬಾಗಿ ಬಲೆ ಎಳೆಯುವುದು ಹೇಗೆಂದು ಅದನ್ನು ಖರೀದಿಸಿದವರು ಯೋಚಿಸಿರುವುದಿಲ್ಲ. ಕಯಾಕಿನವರು ತೊಡುವ, ತೋಳು ಭುಜ ಬಿಡುವಾಗಿರುವ ತೆಳು ಜಾಕೆಟ್‌ಗಳಿವೆ. ಹವ್ಯಾಸದವರಿಂದ ಎರವಲು ತರಬೇಕಾದ್ದು ಅದು.

ಇನ್ನು ಉತ್ಪಾದನೆಯ ವಾದ. ದೊಡ್ಡ ದೋಣಿ, ಮೋಟಾರು ಬಂದರೆ ಹೆಚ್ಚು ಮೀನು ಹಿಡಿಯಬಹುದು ಎಂಬುದು ಕಡಲಿನ ಲೆಕ್ಕ. ಅಲ್ಲಿಯೂ ಅದು ಎಷ್ಟು ಸರಿ ಎಂಬುದಕ್ಕೆ ಟ್ರಾಲ್ ದೋಣಿಗಳಿಗೆ ಜೂನ್, ಜುಲೈ ತಿಂಗಳ ನಿಷೇಧ ಹೇರಬೇಕಾಗಿ ಬಂದದ್ದೇ ಸಾಕ್ಷಿ. ಬಿತ್ತಿದಷ್ಟೇ ಬೆಳೆಯುವ ಜಲಾಶಯದಲ್ಲಿ ವೇಗದ ದೋಣಿ ಮೀನನ್ನು ಹೆಚ್ಚಿಸುವುದಿಲ್ಲ, ಇದ್ದದ್ದನ್ನು ಬೇಗ ಮುಗಿಸುತ್ತದೆ, ಅದೂ ಮೋಟಾರು ಕೊಳ್ಳಬಲ್ಲ ಕೆಲವರ ಕೈಗೆ. ಇಳುವರಿ ನಿಂತಿರುವುದು ಎಷ್ಟು ಮರಿ ಬಿಟ್ಟಿರಿ, ಎಷ್ಟು ದೊಡ್ಡ ಮರಿ ಬಿಟ್ಟಿರಿ, ಬಲೆಯ ಕಣ್ಣು ಎಷ್ಟು ಅಗಲ ಇಟ್ಟಿರಿ ಎಂಬುದರ ಮೇಲೆ. ಬೆರಳುದ್ದದ ಮರಿಯನ್ನು ಬಿಟ್ಟು ಅದು ಕಿಲೋ ತೂಗುವ ಮೊದಲೇ ಸಣ್ಣ ಕಣ್ಣಿನ ಬಲೆಯಲ್ಲಿ ಎತ್ತಿದರೆ ಯಾವ ದೋಣಿಯಲ್ಲಿ ಎತ್ತಿದರೂ ನಷ್ಟ ಒಂದೇ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಜಲಾಶಯಗಳಲ್ಲಿ ಪಂಜರ ಹಾಕಿ ಮೀನು ಸಾಕುವುದಕ್ಕೂ ನೆರವು ಕೊಡುತ್ತದೆ. ನೀರು ಆಳವಾಗಿ ನಿಲ್ಲುವ ಕಡೆ ಅದು ಬರಲಿ, ತಕರಾರಿಲ್ಲ. ಆದರೆ ಬೇಸಿಗೆಯಲ್ಲಿ ಅರ್ಧ ಕಿಲೋಮೀಟರ್ ಹಿಂದೆ ಸರಿಯುವ ನೀರಿನಲ್ಲಿ ಪಂಜರವೂ ಜೆಟ್ಟಿಯ ಪಾಡನ್ನೇ ಅನುಭವಿಸುತ್ತದೆ.

ನಷ್ಟ ಆಗುತ್ತಿರುವುದು ನೀರಿನ ಮೇಲಲ್ಲ, ದಂಡೆಯ ಮೇಲೆ. ಬೆಳಗಿನ ಜಾವ ಎತ್ತಿದ ಕಾಟ್ಲಾ ಕಮಲಾಪುರದ ಸಂತೆಗೋ ಕಲಬುರಗಿಯ ಮಾರುಕಟ್ಟೆಗೋ ಸೇರುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಮಂಜುಗಡ್ಡೆ ಇಲ್ಲದವನು ದಂಡೆಗೆ ಬಂದ ವ್ಯಾಪಾರಿ ಕೇಳಿದ ದರಕ್ಕೆ ಕೊಟ್ಟು ಕೈತೊಳೆದುಕೊಳ್ಳಬೇಕು; ಅದೇ ಕಲಬುರಗಿಯ ಬ್ರಹ್ಮಪುರ ಬಡಾವಣೆಯ ಮನೆಯೊಂದರ ಅಡುಗೆಮನೆಗೆ ಅದೇ ಮೀನು ಬರುವಾಗ ದರ ಬೇರೆಯೇ ಆಗಿರುತ್ತದೆ, ತಾಜಾತನವೂ ಬೇರೆಯೇ. ಜೆಟ್ಟಿಗೆ ಸುರಿಯುವ ಕಾಂಕ್ರೀಟಿನ ಒಂದು ಪಾಲು ಸಾಕು: ಕೆಸರು ಮುಗಿದು ರಸ್ತೆ ಶುರುವಾಗುವಲ್ಲಿ ಒಂದು ನೆರಳು, ಐಸ್ ಪೆಟ್ಟಿಗೆಗಳು, ಸಹಕಾರ ಸಂಘದ ಹೆಸರಿನಲ್ಲಿ ಒಂದು ತಕ್ಕಡಿ. ನೀರು ಎಷ್ಟೇ ಹಿಂದೆ ಸರಿದರೂ ರಸ್ತೆ ಸರಿಯುವುದಿಲ್ಲವಾದ್ದರಿಂದ ಇವು ವರ್ಷವಿಡೀ ಕೆಲಸಕ್ಕೆ ಬರುತ್ತವೆ.

ಕಾಗದದ ಕೆಲಸವೊಂದು ಉಳಿದಿದೆ. ಬ್ರಿಟಿಷರ ಕಾಲದ 1917ರ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಅವುಗಳ ನೋಂದಣಿಯನ್ನು ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲೇ ಮಾಡಲು ದಾರಿ ತೆರೆದಿದೆ. ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರರ ಅಪಘಾತ ವಿಮೆಯೂ ಇದೆ, ಸಾವಿಗೆ 5 ಲಕ್ಷ ರೂಪಾಯಿ. ಈ ಎರಡನ್ನು ಜೋಡಿಸುವವರು ಯಾರೂ ಇಲ್ಲದಿದ್ದರೆ ಬಲೆ ಬಿಡಲು ಹೋದವನು ಬರಲಿಲ್ಲವೆಂದಾಗ ಅವನು ಮೀನುಗಾರನೇ ಎಂಬುದನ್ನು ಸಾಬೀತು ಮಾಡಲು ಹೆಂಡತಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಜಲಾಶಯದ ಅಂಚಿನ ಗ್ರಾಮ ಪಂಚಾಯಿತಿಯಲ್ಲಿ ಒಂದು ಪುಸ್ತಕ ಇಟ್ಟು ಪ್ರತಿ ಹರಿಗೋಲಿಗೆ ಒಂದು ಸಂಖ್ಯೆ ಕೊಡಲಿ. ಆ ಸಂಖ್ಯೆಯನ್ನು ದೋಣಿಯ ಮೈಮೇಲೆ ಬಣ್ಣದಲ್ಲಿ ಬರೆಯಲಿ. ಮಾಲೀಕನ ಹೆಸರಿನ ಜೊತೆಗೆ ಹುಟ್ಟು ಹಾಕುವವಳ ಹೆಸರನ್ನೂ ಅದೇ ಸಾಲಿನಲ್ಲಿ ಸೇರಿಸಲಿ. ನೀರಿನ ಮೇಲೆ ಅವಳೂ ಅಷ್ಟೇ ಹೊತ್ತು ಇರುತ್ತಾಳೆ, ಪಟ್ಟಿಗಳಲ್ಲಿ ಮಾತ್ರ ಕಾಣುವುದಿಲ್ಲ.